ಕೂಗಿದರೆ ಹಿಮ ಕುಸಿಯುತ್ತದೆಯೇ? ಹಿಮಕುಸಿತದ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು

ಚಳಿಗಾಲ ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಹಿಮಾಲಯದ ವಿಡಿಯೋಗಳು ಓಡಾಡಲು ಶುರುವಾಗುತ್ತವೆ. ಬೆಳ್ಳಗಿನ ಬೆಟ್ಟದ ತುದಿಯಿಂದ ಹೊಗೆಯಂತೆ ಏನೋ ಇಳಿದು ಬರುತ್ತದೆ, ಕೆಳಗಿರುವವರು ಓಡುತ್ತಾರೆ. ಅದರ ಜೊತೆಗೆ ಕೆಲವು ಮಾತುಗಳೂ ಬರುತ್ತವೆ. ಹಿಮದ ಬೆಟ್ಟದಲ್ಲಿ ಜೋರಾಗಿ ಮಾತಾಡಬಾರದು, ಕೂಗಿದರೆ ಹಿಮ ಕುಸಿಯುತ್ತದೆ. ಹಿಮದಲ್ಲಿ ಹೂತುಹೋದರೆ ಉಗುಳಿ ನೋಡಿ, ಉಗುಳು ಯಾವ ಕಡೆ ಜಾರುತ್ತದೋ ಅದು ಕೆಳಗಿನ ದಿಕ್ಕು. ಸೈನಿಕರೊಬ್ಬರು ಆರು ದಿನ ಹಿಮದಡಿ ಬದುಕಿದ್ದರು, ಹಾಗಾಗಿ ಧೈರ್ಯ ಒಂದಿದ್ದರೆ ಸಾಕು.

ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಕೂತು ಇದನ್ನೆಲ್ಲ ಓದುವವರಿಗೆ ಹಿಮಕುಸಿತ ಬಹಳ ದೂರದ ವಿಷಯ ಅನ್ನಿಸುವುದು ಸಹಜ. ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆ ಆಕಾಶದಿಂದ ಬೆಳ್ಳಗೆ ಏನಾದರೂ ಬಿದ್ದರೆ ಅದು ಆಲಿಕಲ್ಲು ಮಾತ್ರ. ಆದರೆ ನಮ್ಮ ರಾಜ್ಯದವರು ಹಿಮದಡಿ ಸಿಕ್ಕಿ ಸತ್ತಿದ್ದಾರೆ. 2016ರಲ್ಲಿ ಸಿಯಾಚಿನ್‌ನಲ್ಲಿ ಮೂವರು ಕನ್ನಡಿಗ ಸೈನಿಕರು ಹೋದರು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಪರ್ವತಾರೋಹಣ ತರಬೇತಿಯ ತಂಡದ ಮೇಲೆ ಹಿಮ ಕುಸಿದಾಗ ಸತ್ತವರಲ್ಲಿ ಕರ್ನಾಟಕದವರೂ ಇದ್ದರು. ಈಗ ಡಿಸೆಂಬರ್ ರಜೆ ಬಂದರೆ ಬೆಂಗಳೂರಿನಿಂದ ರೈಲು, ವಿಮಾನ ಹತ್ತಿ ಹಿಮದ ಚಾರಣಕ್ಕೆ ಹೋಗುವ ಹುಡುಗ ಹುಡುಗಿಯರು ಪ್ರತಿ ಊರಿನಲ್ಲೂ ಇದ್ದಾರೆ. ಸೈನ್ಯಕ್ಕೆ ಸೇರಿದವರು ಎಷ್ಟೋ ಮನೆಗಳಲ್ಲಿದ್ದಾರೆ.

ಆದ್ದರಿಂದ ಈ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಒಂದೊಂದಾಗಿ ನೋಡೋಣ. ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ: ಹಿಮಕುಸಿತವನ್ನು ಎಬ್ಬಿಸುವುದು ಹೆಚ್ಚಾಗಿ ನಮ್ಮ ತೂಕ, ನಮ್ಮ ದನಿಯಲ್ಲ. ಹೂತುಹೋದವರಿಗೆ ಸಿಗುವುದು ಕೆಲವೇ ನಿಮಿಷ, ದಿನಗಳಲ್ಲ.

ಹಿಮಪಾತವೋ, ಹಿಮಕುಸಿತವೋ?

ಗೊಂದಲ ಪದದಿಂದಲೇ ಶುರುವಾಗುತ್ತದೆ. ಕನ್ನಡ ಪತ್ರಿಕೆಗಳಲ್ಲಿ, ಟೀವಿಯಲ್ಲಿ ‘ಹಿಮಪಾತ’ ಎಂಬ ಒಂದೇ ಪದವನ್ನು ಎರಡು ಬೇರೆ ಬೇರೆ ಸಂಗತಿಗಳಿಗೆ ಬಳಸುವುದನ್ನು ನೀವು ನೋಡಿರಬಹುದು. ಆಕಾಶದಿಂದ ಹಿಮ ಬೀಳುವುದು ಹಿಮಪಾತ. ಈಗಾಗಲೇ ಬಿದ್ದು ಇಳಿಜಾರಿನಲ್ಲಿ ಕೂತಿರುವ ಹಿಮ ಒಮ್ಮೆಲೇ ಕಿತ್ತುಕೊಂಡು ಕೆಳಗೆ ನುಗ್ಗುವುದು ಹಿಮಕುಸಿತ. ಗಾಳಿಯೊಂದಿಗೆ ಹಿಮ ಸುರಿದು ಮುಂದಿನ ದಾರಿಯೇ ಕಾಣದಂತಾಗುವುದು ಹಿಮಬಿರುಗಾಳಿ.

ಈ ವ್ಯತ್ಯಾಸ ಯಾಕೆ ಮುಖ್ಯ? 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ತಂಡದಲ್ಲಿ ಬೆಂಗಳೂರಿನ 9 ಮಂದಿ ಸತ್ತರು. ಅವರ ಮೇಲೆ ಬೆಟ್ಟದ ಹಿಮ ಕುಸಿದಿರಲಿಲ್ಲ. ಅವರು ಸಿಕ್ಕಿಬಿದ್ದದ್ದು ಹಿಮಬಿರುಗಾಳಿಯಲ್ಲಿ. ಚಳಿ, ಗಾಳಿಗೆ ಮೈಯ ಬಿಸಿ ಇಳಿದು ಪ್ರಾಣ ಹೋಯಿತು. ಎರಡು ಅಪಾಯಗಳಿಗೂ ಬೇಕಾದ ಸಿದ್ಧತೆ ಬೇರೆ. ಬಿರುಗಾಳಿಗೆ ಬೆಚ್ಚನೆ ಬಟ್ಟೆ, ಆಸರೆ, ಸಮಯಕ್ಕೆ ಹಿಂದಿರುಗುವ ನಿರ್ಧಾರ ಬೇಕು. ಹಿಮಕುಸಿತಕ್ಕೆ ಬೇಕಾದದ್ದು, ಅಪಾಯದ ಇಳಿಜಾರಿಗೆ ಕಾಲಿಡದಿರುವ ತಿಳಿವಳಿಕೆ.

ಹಿಮ ಯಾಕೆ ಕುಸಿಯುತ್ತದೆ?

ಹಿಮ ಎಂದರೆ ಬೆಟ್ಟಕ್ಕೆ ಬಳಿದ ಒಂದೇ ಬಿಳಿ ಬಣ್ಣವಲ್ಲ. ಚಳಿಗಾಲದಲ್ಲಿ ಒಂದೊಂದು ಸಲ ಹಿಮ ಬಿದ್ದಾಗಲೂ ಒಂದೊಂದು ಪದರ ಕೂರುತ್ತದೆ. ಒಂದು ಪದರ ಹತ್ತಿಯಂತೆ ಹಗುರ. ಇನ್ನೊಂದು ಗಾಳಿಗೆ ಒತ್ತಿಸಿಕೊಂಡು ಗಟ್ಟಿಯಾದದ್ದು. ಮತ್ತೊಂದು ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ್ದು. ಈ ಪದರಗಳು ಒಂದಕ್ಕೊಂದು ಚೆನ್ನಾಗಿ ಅಂಟಿಕೊಂಡರೆ ಹಿಮ ನಿಲ್ಲುತ್ತದೆ.

ತೊಂದರೆ ಇರುವುದು ನಡುವೆ ಸಿಕ್ಕಿಕೊಳ್ಳುವ ದುರ್ಬಲ ಪದರದಲ್ಲಿ. ಮೋಡವಿಲ್ಲದ ಚಳಿರಾತ್ರಿಯಲ್ಲಿ ನಮ್ಮ ಹೊಲದ ಹುಲ್ಲಿನ ಮೇಲೆ ಇಬ್ಬನಿ ಕೂರುವ ಹಾಗೆಯೇ ಹಿಮದ ಮೇಲೂ ಗಾಳಿಯ ತೇವ ಗರಿಯಂತಹ ಹರಳಾಗಿ ಕೂರುತ್ತದೆ. ನೋಡಲು ಬಲು ಚಂದ. ಅದರ ಮೇಲೆ ಹೊಸ ಹಿಮ ಬಿದ್ದರೆ ಆ ಹರಳುಗಳು ಒಳಗೆ ಹಾಗೇ ಉಳಿದುಬಿಡುತ್ತವೆ. ಚಳಿಗಾಲದ ಮೊದಲಲ್ಲಿ ಹಿಮ ತೆಳ್ಳಗಿದ್ದು ಚಳಿ ಜಾಸ್ತಿ ಇದ್ದರೆ ನೆಲಕ್ಕೆ ಹತ್ತಿರದ ಹಿಮ ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾಗುತ್ತದೆ. ಕೈಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ.

ಇದನ್ನು ನಮ್ಮ ಕಡೆಯ ವಸ್ತುಗಳಲ್ಲೇ ಊಹಿಸಿಕೊಳ್ಳಿ. ಇಳಿಜಾರಾದ ಬಂಡೆಯ ಮೇಲೆ ಒಂದು ಸೇರು ರಾಗಿ ಹರಡಿ, ಅದರ ಮೇಲೆ ಒಂದು ಚಪ್ಪಡಿ ಕಲ್ಲನ್ನು ಮೆಲ್ಲಗೆ ಇಟ್ಟರೆ ಏನಾಗುತ್ತದೆ? ಸ್ವಲ್ಪ ಹೊತ್ತು ನಿಂತರೂ ನಿಲ್ಲಬಹುದು. ಅದರ ಮೇಲೆ ಒಬ್ಬರು ಕಾಲಿಟ್ಟರೆ ಕಲ್ಲಿನ ಜೊತೆ ಅವರೂ ಜಾರುತ್ತಾರೆ. ಹಿಮದಲ್ಲಿ ಜನರನ್ನು ಹೆಚ್ಚು ಕೊಲ್ಲುವುದು ಇಂತಹ ‘ಚಪ್ಪಡಿ ಕುಸಿತ’. ಮೇಲಿನ ಗಟ್ಟಿ ಪದರ ಚಪ್ಪಡಿ. ಕೆಳಗಿನ ಬಿಡಿ ಹರಳುಗಳು ರಾಗಿಕಾಳು. ದುರ್ಬಲ ಪದರ ಒಂದು ಕಡೆ ಮುರಿದರೆ ಆ ಬಿರುಕು ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಜಾರಿನ ಉದ್ದಗಲಕ್ಕೂ ಓಡುತ್ತದೆ. ಇಡೀ ಚಪ್ಪಡಿ ಒಡೆದು ಕೆಲವೇ ಸೆಕೆಂಡುಗಳಲ್ಲಿ ಗಂಟೆಗೆ 100 ಕಿಲೋಮೀಟರ್‌ನಷ್ಟು ವೇಗ ಪಡೆಯಬಹುದು. ಓಡಿ ತಪ್ಪಿಸಿಕೊಳ್ಳುತ್ತೇನೆ ಅನ್ನುವುದು ಆಗದ ಮಾತು.

ಎಲ್ಲ ಇಳಿಜಾರೂ ಅಪಾಯವಲ್ಲ. ಚಪ್ಪಡಿ ಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಸಪಾಟಾಗಿದ್ದರೆ ಹಿಮ ಸುಲಭಕ್ಕೆ ಜಾರುವುದಿಲ್ಲ. ತೀರಾ ಕಡಿದಾಗಿದ್ದರೆ ಹಿಮ ಸೇರಿಕೊಳ್ಳುವ ಮೊದಲೇ ಸ್ವಲ್ಪಸ್ವಲ್ಪವಾಗಿ ಉದುರಿ ಹೋಗುತ್ತಿರುತ್ತದೆ. 30ರಿಂದ 35 ಡಿಗ್ರಿ ಎಂದರೆ ಎಷ್ಟು? ಹೆಚ್ಚುಕಡಿಮೆ ನಿಮ್ಮ ಮನೆಯ ಮಹಡಿ ಮೆಟ್ಟಿಲಿನಷ್ಟು. ನೋಡಿದರೆ ಭಯವೇ ಆಗದ ಇಳಿಜಾರು ಅದು. ಫೋಟೋ ತೆಗೆಸಿಕೊಳ್ಳಲು, ಜಾರಿ ಆಡಲು ಎಲ್ಲರೂ ಇಷ್ಟಪಡುವ ಇಳಿಜಾರೂ ಅದೇ.

ಮಾತು 1: ಕೂಗಿದರೆ, ಚಪ್ಪಾಳೆ ತಟ್ಟಿದರೆ ಹಿಮ ಕುಸಿಯುತ್ತದೆ

ಸುಳ್ಳು.

ಇದು ಸಿನಿಮಾಗಳಲ್ಲಿ, ಕಾರ್ಟೂನುಗಳಲ್ಲಿ ನೋಡಿ ನೋಡಿ ನಮ್ಮ ತಲೆಯಲ್ಲಿ ಕೂತಿರುವ ನಂಬಿಕೆ. ಶಬ್ದವೂ ಒಂದು ಒತ್ತಡವೇ, ನಿಜ. ಆದರೆ ಎಷ್ಟು ಒತ್ತಡ? ಒತ್ತಡವನ್ನು ಪಾಸ್ಕಲ್ ಎಂಬ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಮಾತಾಡುವಾಗ ಅದು 0.02 ಪಾಸ್ಕಲ್ ಆಸುಪಾಸು. ಹತ್ತಿರದಲ್ಲೇ ನಿಂತು ಗಂಟಲು ಹರಿಯುವಂತೆ ಕೂಗಿದರೂ ಸುಮಾರು 2 ಪಾಸ್ಕಲ್. 70 ಕಿಲೋ ತೂಕದ ಒಬ್ಬ ಮನುಷ್ಯ ಬೂಟು ಹಾಕಿಕೊಂಡು ಸುಮ್ಮನೆ ನಿಂತರೆ ಕಾಲಡಿಯಲ್ಲಿ ಬೀಳುವ ಒತ್ತಡ ಸುಮಾರು 15,000 ಪಾಸ್ಕಲ್. ಹಿಮದ ಆಳಕ್ಕೆ ಹೋದಂತೆ ಇದು ಕಡಿಮೆಯಾಗುತ್ತದೆ. ಆದರೂ ಕೂಗಿಗೆ ಹೋಲಿಸಿದರೆ ಎಷ್ಟೋ ಪಟ್ಟು ಹೆಚ್ಚು.

ಸ್ವಿಟ್ಜರ್‌ಲೆಂಡಿನ ದಾವೋಸ್‌ನಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನಕ್ಕೆಂದೇ ಒಂದು ಸಂಶೋಧನಾ ಸಂಸ್ಥೆಯಿದೆ. ಅಲ್ಲಿನ ವಿಜ್ಞಾನಿಗಳು 2009ರಲ್ಲಿ ಇದೇ ಪ್ರಶ್ನೆಯನ್ನು ಪರಿಶೀಲಿಸಿ, ಮನುಷ್ಯರ ಕೂಗಿನಿಂದ ಹಿಮ ಕುಸಿಯುವುದಿಲ್ಲ ಎಂದೇ ಹೇಳಿದ್ದಾರೆ. ಬಾಂಬಿನ ಸ್ಫೋಟದ ಮಾತು ಬೇರೆ. ರಸ್ತೆ, ಹಳ್ಳಿಗಳ ಮೇಲಿರುವ ಹಿಮವನ್ನು ಮೊದಲೇ ಬೇಕೆಂದೇ ಬೀಳಿಸಲು ಹಲವು ದೇಶಗಳಲ್ಲಿ ಸ್ಫೋಟಕ ಬಳಸುತ್ತಾರೆ.

ಹಾಗಾದರೆ ಈ ನಂಬಿಕೆಯಿಂದ ಏನು ನಷ್ಟ, ಸುಮ್ಮನಿದ್ದರೆ ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ನಷ್ಟ ಇದೆ. ಗಲಾಟೆ ಮಾಡದೆ ನಡೆದರೆ ಸಾಕು, ಏನೂ ಆಗುವುದಿಲ್ಲ ಎಂಬ ಸುಳ್ಳು ಧೈರ್ಯ ಬರುತ್ತದೆ. ಯುರೋಪ್, ಅಮೆರಿಕದಲ್ಲಿ ಮೋಜಿಗಾಗಿ, ಸಾಹಸಕ್ಕಾಗಿ ಹೋಗಿ ಹಿಮಕುಸಿತಕ್ಕೆ ಸಿಕ್ಕವರ ಲೆಕ್ಕ ನೋಡಿದರೆ ಸುಮಾರು 90 ಪ್ರತಿಶತ ಪ್ರಕರಣಗಳಲ್ಲಿ ಆ ಕುಸಿತವನ್ನು ಎಬ್ಬಿಸಿದ್ದು ಸಿಕ್ಕಿಬಿದ್ದವರೇ ಅಥವಾ ಅವರ ಜೊತೆಗಾರರೇ. ಎಬ್ಬಿಸಿದ್ದು ಅವರ ಬಾಯಲ್ಲ, ಅವರ ಕಾಲು.

ಇನ್ನೊಂದು ಮಾತು. ಸುಮ್ಮನಿರಬೇಕೆಂದು ಜೊತೆಗಾರರನ್ನು ಎಚ್ಚರಿಸದೇ ಇರುವುದು ಅಪಾಯ. ಹಿಮ ಜಾರುವುದು ಕಂಡರೆ ಜೋರಾಗಿ ಕೂಗಿ ಹೇಳಲೇಬೇಕು. ನೀವು ಕೇಳಿಸಿಕೊಳ್ಳಬೇಕಾದ ಶಬ್ದವೂ ಒಂದಿದೆ. ನಡೆಯುವಾಗ ಕಾಲಡಿಯ ಹಿಮ ‘ಧುಪ್’ ಎಂದು ಕುಸಿದಂತೆ ಸದ್ದು ಮಾಡಿದರೆ, ಒಳಗಿನ ದುರ್ಬಲ ಪದರ ಮುರಿಯಿತು ಎಂದರ್ಥ. ತಜ್ಞರು ಅತ್ಯಂತ ಸ್ಪಷ್ಟ ಎಚ್ಚರಿಕೆಗಳಲ್ಲಿ ಒಂದೆಂದು ಹೇಳುವುದು ಇದನ್ನೇ.

ಮಾತು 2: ಹಿಮ ಬೀಳುವುದು ನಿಂತು ಬಿಸಿಲು ಬಂದರೆ ಅಪಾಯ ಮುಗಿಯಿತು

ಸುಳ್ಳು. ಎಷ್ಟೋ ಸಲ ಆಗುವುದು ಇದರ ಉಲ್ಟಾ.

ದೊಡ್ಡ ಹಿಮಪಾತವಾದ ಮೇಲಿನ ಮೊದಲ ಒಂದೆರಡು ದಿನಗಳು ಬಹಳ ಅಪಾಯದವು. ಕೆಳಗಿನ ಪದರದ ಮೇಲೆ ಇದ್ದಕ್ಕಿದ್ದಂತೆ ಭಾರ ಬಿದ್ದಿರುತ್ತದೆ, ಹೊಸ ಹಿಮ ಇನ್ನೂ ಅಂಟಿಕೊಂಡಿರುವುದಿಲ್ಲ. ಆಕಾಶದಿಂದ ಹಿಮ ಬೀಳದಿದ್ದರೂ ಗಾಳಿ ಒಂದು ಮಗ್ಗುಲಿನ ಹಿಮವನ್ನು ತೂರಿ ಇನ್ನೊಂದು ಮಗ್ಗುಲಿಗೆ ಗುಡ್ಡೆ ಹಾಕುತ್ತದೆ. ಕಣದಲ್ಲಿ ರಾಗಿ ತೂರುವಾಗ ಹೊಟ್ಟು ಗಾಳಿಯ ಆಚೆ ಬದಿಗೆ ಹೋಗಿ ಬೀಳುತ್ತದಲ್ಲ, ಹಾಗೆ. ಆ ಆಚೆ ಬದಿಯ ಇಳಿಜಾರೇ ಮೋಸದ ಜಾಗ. ಬಿಸಿಲು ಏರಿದಂತೆ ಕರಗಿದ ನೀರು ಹಿಮದೊಳಗೆ ಇಳಿದು ಹಿಡಿತ ಸಡಿಲವಾಗುತ್ತದೆ. ಬೇಸಿಗೆ ಹತ್ತಿರ ಬಂದಾಗ ಮಧ್ಯಾಹ್ನದ ಹೊತ್ತು ಒದ್ದೆ ಹಿಮ ಕುಸಿಯುವುದು ಇದರಿಂದಲೇ.

ಇದರ ಜೊತೆಗೆ ಬರುವ ಇನ್ನೊಂದು ಮಾತು, ‘ಆಗಲೇ ನಾಲ್ಕು ಜನ ನಡೆದು ಹೋದ ಹೆಜ್ಜೆ ಇದೆ, ಏನೂ ಆಗಲ್ಲ’ ಎಂಬುದು. ಚಪ್ಪಡಿಯ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ನಾಲ್ಕು ಜನ ದಪ್ಪ ಇರುವ ಕಡೆ ದಾಟಿರಬಹುದು. ಐದನೆಯವರು ಎರಡು ಮಾರು ಪಕ್ಕಕ್ಕೆ, ತೆಳ್ಳಗಿರುವ ಕಡೆ ಕಾಲಿಟ್ಟರೆ ಅಲ್ಲಿಂದಲೇ ಬಿರುಕು ಹುಟ್ಟಬಹುದು. ಕೆಲವೊಮ್ಮೆ ಇಳಿಜಾರಿನ ಬುಡದಲ್ಲಿ, ಸಮತಟ್ಟು ಜಾಗದಲ್ಲಿ ನಡೆಯುವವರ ತೂಕದಿಂದಲೂ ಮೇಲಿನ ಹಿಮ ಕಿತ್ತುಬರುತ್ತದೆ.

ಮಾತು 3: ಮನೋಬಲ ಇದ್ದರೆ ದಿನಗಟ್ಟಲೆ ಹಿಮದಡಿ ಬದುಕಬಹುದು

ಅರ್ಧ ಸತ್ಯ. ಹಾಗಾಗಿ ಇದೇ ಹೆಚ್ಚು ಅಪಾಯಕಾರಿ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಮ್ ಶಿಬಿರದ ಮೇಲೆ ಭಾರಿ ಹಿಮದ ಗೋಡೆ ಕುಸಿಯಿತು. ಶಿಬಿರ ಇದ್ದದ್ದು ಸುಮಾರು 19,600 ಅಡಿ ಎತ್ತರದಲ್ಲಿ. ಅಲ್ಲಿದ್ದ ಮದ್ರಾಸ್ ರೆಜಿಮೆಂಟ್‌ನ 10 ಸೈನಿಕರು ಹೂತುಹೋದರು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆ ಎಚ್.ಡಿ. ಕೋಟೆಯ ಸಿಪಾಯಿ ಮಹೇಶ ಆ ಹತ್ತು ಜನರಲ್ಲಿದ್ದ ಕನ್ನಡಿಗರು.

ಸೈನ್ಯ ಬಿಡದೆ ಹುಡುಕಿತು. ಕಲ್ಲಿನಂತಾಗಿದ್ದ ಹಿಮವನ್ನು ಯಂತ್ರಗಳಿಂದ ಕೊರೆದು, ನಾಯಿಗಳನ್ನು, ರಾಡಾರನ್ನು ಬಳಸಿ ಹುಡುಕಲಾಯಿತು. ಫೆಬ್ರವರಿ 8ರ ರಾತ್ರಿ ಸುಮಾರು 25 ಅಡಿ ಆಳದಲ್ಲಿ ಹನುಮಂತಪ್ಪ ಜೀವಂತವಾಗಿ ಸಿಕ್ಕಾಗ ಇಡೀ ದೇಶ ಕುಣಿಯಿತು. ಮಾರನೇ ದಿನ ಅವರನ್ನು ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. ಅವರು ಕೋಮಾದಲ್ಲಿದ್ದರು. ಮೂತ್ರಪಿಂಡ, ಯಕೃತ್ತು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ನ್ಯುಮೋನಿಯಾ ಆಗಿತ್ತು. ಫೆಬ್ರವರಿ 11ರಂದು ಅವರು ತೀರಿಕೊಂಡರು.

ಯೋಗ, ಪ್ರಾಣಾಯಾಮದಿಂದ ಬದುಕಿದ್ದರು, ಮನೋಬಲವೇ ಉಳಿಸಿತು ಎಂಬ ಮಾತುಗಳು ಆಗ ಬಹಳ ಹರಿದಾಡಿದವು. ಹನುಮಂತಪ್ಪ ಅವರ ಗಟ್ಟಿತನದ ಬಗ್ಗೆ ಯಾರಿಗೂ ಅನುಮಾನವಿಲ್ಲ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಉಳಿದ 9 ಜನರೂ ಅದೇ ತರಬೇತಿ ಪಡೆದ, ಅದೇ ಎತ್ತರದಲ್ಲಿ ಕಾವಲು ಕಾದ ಸೈನಿಕರೇ. ಬರೀ ಮನೋಬಲ ಸಾಕಾಗುವಂತಿದ್ದರೆ ಅವರೂ ಬದುಕಬೇಕಿತ್ತು. ಅವರಲ್ಲಿ ಧೈರ್ಯ ಕಡಿಮೆಯಿತ್ತು ಎಂದು ಯಾರಾದರೂ ಹೇಳಲು ಸಾಧ್ಯವೇ?

ವ್ಯತ್ಯಾಸ ಮಾಡಿದ್ದು ಗಾಳಿ. ಹನುಮಂತಪ್ಪ ಅವರ ಸುತ್ತ ಉಸಿರಾಡಲು ಗಾಳಿ ಇರುವಷ್ಟು ಜಾಗ ಉಳಿದಿತ್ತು ಎಂದು ಆಗ ವರದಿಯಾಗಿತ್ತು. ಗಾಳಿ ಸಿಕ್ಕಿ, ಮೈ ನಿಧಾನವಾಗಿ ತಣ್ಣಗಾದರೆ ಮಿದುಳಿಗೆ ಬೇಕಾಗುವ ಆಮ್ಲಜನಕವೂ ಕಡಿಮೆಯಾಗುತ್ತದೆ, ಬದುಕು ಸ್ವಲ್ಪ ಹಿಗ್ಗುತ್ತದೆ. 2025ರ ಫೆಬ್ರವರಿ 28ರಂದು ಬದರಿನಾಥದ ಹತ್ತಿರದ ಮಾಣಾದಲ್ಲಿ ಗಡಿ ರಸ್ತೆ ಸಂಸ್ಥೆಯ ಕಾರ್ಮಿಕರ ಶಿಬಿರದ ಮೇಲೆ ಹಿಮ ಕುಸಿದಾಗಲೂ ಇದೇ ಕಂಡಿತು. 54 ಜನರಲ್ಲಿ 46 ಜನ ಉಳಿದರು, 8 ಜನ ಸತ್ತರು. ಹಲವರು ಇದ್ದದ್ದು ಲೋಹದ ಕಂಟೇನರ್ ಮನೆಗಳಲ್ಲಿ. ಒಳಗೆ ಗಾಳಿ ಉಳಿದದ್ದರಿಂದ ಹುಡುಕುವವರಿಗೆ ಸಮಯ ಸಿಕ್ಕಿತು.

ಬಯಲಿನಲ್ಲಿ ನಡೆಯುವ ಚಾರಣಿಗನ ಸುತ್ತ ಡೇರೆಯೂ ಇಲ್ಲ, ಕಂಟೇನರೂ ಇಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ದಶಕಗಳ ಅಪಘಾತಗಳನ್ನು ಒಟ್ಟಿಗೆ ಇಟ್ಟು ನೋಡಿ ಮಾಡಿದ ಲೆಕ್ಕ ಹೀಗಿದೆ: ಪೂರ್ತಿ ಹೂತವರನ್ನು 10 ನಿಮಿಷದೊಳಗೆ ಹೊರತೆಗೆದರೆ 10 ಜನರಲ್ಲಿ ಸುಮಾರು 9 ಜನ ಬದುಕುತ್ತಾರೆ. ಅರ್ಧ ಗಂಟೆಯಾದರೆ 10 ಜನರಲ್ಲಿ ಸುಮಾರು 3 ಜನ. ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ಚಳಿಯಿಂದಲ್ಲ, ಉಸಿರುಗಟ್ಟಿ. ಉಳಿದವರಲ್ಲಿ ಬಹುತೇಕರು ಬಂಡೆಗೆ, ಮರಕ್ಕೆ ಬಡಿದು ಆದ ಪೆಟ್ಟಿನಿಂದ.

ಅಂದರೆ, ನಿಮ್ಮನ್ನು ಉಳಿಸುವುದು ಹೆಲಿಕಾಪ್ಟರ್ ಅಲ್ಲ. ಅದು ಬರುವಷ್ಟರಲ್ಲಿ ಆ 10 ನಿಮಿಷ ಮುಗಿದಿರುತ್ತದೆ. ಉಳಿಸಿದರೆ ಪಕ್ಕದಲ್ಲಿರುವ ಜೊತೆಗಾರರೇ ಉಳಿಸಬೇಕು.

ಮಾತು 4: ಹೂತುಹೋದರೆ ಉಗುಳಿ ದಿಕ್ಕು ತಿಳಿದು, ಅಗೆದುಕೊಂಡು ಬನ್ನಿ

ಕೆಲಸಕ್ಕೆ ಬಾರದ ಸಲಹೆ.

ಹರಿದು ಬರುವಾಗ ನೀರಿನಂತೆ ಕಾಣುವ ಹಿಮ, ನಿಂತ ಕೂಡಲೇ ಗಟ್ಟಿಯಾಗುತ್ತದೆ. ಕುಸಿದು ನಿಂತ ಹಿಮ ಒಂದು ಘನ ಮೀಟರಿಗೆ ಸುಮಾರು 300ರಿಂದ 500 ಕಿಲೋ ತೂಗುತ್ತದೆ, ಅಂದರೆ ಮೂರರಿಂದ ಐದು ಕ್ವಿಂಟಾಲ್ ರಾಗಿಯ ಭಾರ. ಅದರೊಳಗೆ ಸಿಕ್ಕವರಿಗೆ ಕೈಬೆರಳು ಅಲ್ಲಾಡಿಸುವುದೂ ಕಷ್ಟ. ಮೇಲು ಯಾವುದು, ಕೆಳಗು ಯಾವುದು ಗೊತ್ತಾದರೂ ಏನು ಮಾಡಲು ಸಾಧ್ಯ?

ಮಾಡಬಹುದಾದದ್ದೆಲ್ಲ ಹಿಮ ನಿಲ್ಲುವ ಮೊದಲೇ ಮಾಡಬೇಕು. ಪಕ್ಕಕ್ಕೆ ಸರಿದು ಅಂಚಿಗೆ ಹೋಗಲು ನೋಡಬೇಕು. ಮೇಲ್ಭಾಗದಲ್ಲಿ ಉಳಿಯಲು ಒದ್ದಾಡಬೇಕು. ಬಾಯಿ ಮುಚ್ಚಿರಬೇಕು. ವೇಗ ಕಡಿಮೆಯಾಗುತ್ತಿದೆ ಅನ್ನಿಸಿದ ಕೂಡಲೇ ಎರಡೂ ಕೈಗಳನ್ನು ಮುಖದ ಮುಂದೆ ತಂದು ಮೂಗು, ಬಾಯಿಯ ಹತ್ತಿರ ಸ್ವಲ್ಪ ಜಾಗ ಮಾಡಿಕೊಳ್ಳಬೇಕು. ಬೊಗಸೆಯಷ್ಟು ಗಾಳಿಯೂ ಕೆಲವು ನಿಮಿಷ ಕೊಡಬಹುದು.

ಮಾತು 5: ಫೋನ್ ಇದ್ದರೆ ಜಿಪಿಎಸ್‌ನಲ್ಲಿ ಹುಡುಕುತ್ತಾರೆ

ನಂಬಬೇಡಿ.

ಬೆಟ್ಟದ ಮೇಲೆ ನೆಟ್‌ವರ್ಕ್ ಇರುವುದೇ ಅಪರೂಪ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಸಿಗ್ನಲ್ ಸಿಕ್ಕಿದರೂ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಒಂದು ಮೀಟರ್ ಆಳದಲ್ಲಿ ಹೂತವರನ್ನು ತೆಗೆಯಲು ಒಂದು ಟನ್ನಿಗೂ ಹೆಚ್ಚು ಹಿಮ ಎತ್ತಿಹಾಕಬೇಕಾಗಬಹುದು. ನಾಲ್ಕು ಮೀಟರ್ ತಪ್ಪು ಜಾಗದಲ್ಲಿ ಅಗೆದರೆ ಆ 10 ನಿಮಿಷ ಅಲ್ಲೇ ಕಳೆದುಹೋಗುತ್ತದೆ.

ಇದಕ್ಕೆಂದೇ ಇರುವ ಸಾಧನದ ಹೆಸರು ಅವಲಾಂಚ್ ಟ್ರಾನ್ಸೀವರ್. ಅಂಗಿಯೊಳಗೆ ಎದೆಗೆ ಕಟ್ಟಿಕೊಳ್ಳುವ ಸಣ್ಣ ರೇಡಿಯೋ ಅದು. ಪ್ರಪಂಚದ ಎಲ್ಲ ಕಡೆ 457 ಕಿಲೋಹರ್ಟ್ಸ್ ಎಂಬ ಒಂದೇ ತರಂಗದಲ್ಲಿ ಕೆಲಸ ಮಾಡುತ್ತದೆ. ಒಬ್ಬರು ಹೂತುಹೋದರೆ ಉಳಿದವರು ತಮ್ಮ ಸಾಧನವನ್ನು ಹುಡುಕುವ ಸ್ಥಿತಿಗೆ ಬದಲಿಸಿ ಸಿಗ್ನಲ್ ಹಿಂದೆ ಹೋಗುತ್ತಾರೆ. ಆಮೇಲೆ ಪ್ರೋಬ್ ಎಂಬ ಉದ್ದನೆಯ ಮಡಚುವ ಕೋಲಿನಿಂದ ಚುಚ್ಚಿ ಜಾಗ ಖಚಿತ ಮಾಡಿ, ಸಲಿಕೆಯಿಂದ ಅಗೆಯುತ್ತಾರೆ. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದ ಎರಡು ವ್ಯರ್ಥ. ಪ್ರತಿಯೊಬ್ಬರ ಹತ್ತಿರವೂ ಮೂರೂ ಇರಬೇಕು, ಬಳಸಿ ಅಭ್ಯಾಸವೂ ಇರಬೇಕು.

ಇನ್ನೊಂದು ವಿಷಯ ಗಮನಿಸಿ: ಫೋನ್ ಈ ಸಾಧನದ ಸಿಗ್ನಲ್‌ಗೆ ಅಡ್ಡಿ ಮಾಡುತ್ತದೆ. ಆದ್ದರಿಂದ ಟ್ರಾನ್ಸೀವರ್ ಪಕ್ಕದ ಜೇಬಿನಲ್ಲಿ ಫೋನ್ ಇಡಬಾರದು. ಹುಡುಕುವಾಗಲಂತೂ ಅದು ಅರ್ಧ ಮೀಟರಾದರೂ ದೂರ ಇರಬೇಕು ಅಥವಾ ಆಫ್ ಆಗಿರಬೇಕು. ಫೋನಿನಿಂದ ಆಗುವ ಒಳ್ಳೆಯ ಉಪಯೋಗವೆಂದರೆ ಇಳಿಜಾರು ಎಷ್ಟು ಡಿಗ್ರಿ ಎಂದು ಅಳೆಯುವುದು. ಅದನ್ನು ಇಳಿಜಾರಿಗೆ ಕಾಲಿಡುವ ಮೊದಲೇ ಮಾಡಬೇಕು.

‘ಅಪಾಯ ಮಟ್ಟ 3’ ಎಂದರೆ ಹೋಗಬಹುದು ಎಂದೇ?

ನಮ್ಮ ದೇಶದಲ್ಲಿ ಹಿಮಕುಸಿತದ ಮುನ್ಸೂಚನೆ ಕೊಡುವುದು ಚಂಡೀಗಢದಲ್ಲಿರುವ ಡಿಆರ್‌ಡಿಓ ಪ್ರಯೋಗಾಲಯ. 1969ರಲ್ಲಿ ಮನಾಲಿಯಲ್ಲಿ ಶುರುವಾದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆಯನ್ನು 2020ರಲ್ಲಿ ಇನ್ನೊಂದು ಪ್ರಯೋಗಾಲಯದ ಜೊತೆ ಸೇರಿಸಲಾಯಿತು. ಈಗ ಅದರ ಹೆಸರು ಡಿಫೆನ್ಸ್ ಜಿಯೋಇನ್ಫರ್ಮ್ಯಾಟಿಕ್ಸ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್, ಚಿಕ್ಕದಾಗಿ ಡಿಜಿಆರ್‌ಇ. ಚಳಿಗಾಲದಲ್ಲಿ ಯಾವ ಜಿಲ್ಲೆ, ಎಷ್ಟು ಮೀಟರ್ ಎತ್ತರದ ಮೇಲೆ ಎಷ್ಟು ಅಪಾಯ ಎಂದು ಅದು ತಿಳಿಸುತ್ತದೆ.

ಹಿಮಕುಸಿತದ ಅಪಾಯವನ್ನು 1ರಿಂದ 5ರವರೆಗಿನ ಮಟ್ಟಗಳಲ್ಲಿ ಹೇಳುವುದು ರೂಢಿ. ಐದರಲ್ಲಿ ಮೂರು ಎಂದರೆ ‘ಪಾಸಾಯಿತು’ ಎಂದುಕೊಳ್ಳುವವರೇ ಹೆಚ್ಚು. ಹಾಗಲ್ಲ. 3ನೇ ಮಟ್ಟದಲ್ಲಿ ಕಡಿದಾದ ಎಷ್ಟೋ ಇಳಿಜಾರುಗಳಲ್ಲಿ ಒಬ್ಬ ಮನುಷ್ಯನ ತೂಕಕ್ಕೇ ಹಿಮ ಕುಸಿಯಬಹುದು. ಸ್ವಿಟ್ಜರ್‌ಲೆಂಡಿನಲ್ಲಿ ಹಿಮಕುಸಿತದ ಸಾವುಗಳಲ್ಲಿ ಸುಮಾರು ಅರ್ಧದಷ್ಟು ಆಗಿರುವುದು 3ನೇ ಮಟ್ಟದ ದಿನಗಳಲ್ಲೇ. 4, 5 ಇದ್ದಾಗ ಜನ ಹೆದರಿ ಮನೆಯಲ್ಲಿರುತ್ತಾರೆ. 3 ಇದ್ದಾಗ ಹೊರಟುಬಿಡುತ್ತಾರೆ.

ನಿಮ್ಮ ಮನೆಯವರು ಹಿಮದ ಚಾರಣಕ್ಕೆ ಹೊರಟಿದ್ದರೆ

ಹೋಗಬೇಡ ಎಂದು ಜಗಳವಾಡುವ ಬದಲು, ಕರೆದುಕೊಂಡು ಹೋಗುವ ಸಂಸ್ಥೆಯನ್ನು ಈ ಪ್ರಶ್ನೆಗಳನ್ನು ಕೇಳಲು ಹೇಳಿ:

- ದಾರಿಯಲ್ಲಿ 30 ಡಿಗ್ರಿಗಿಂತ ಕಡಿದಾದ ಹಿಮದ ಇಳಿಜಾರು ಎಲ್ಲೆಲ್ಲಿ ಸಿಗುತ್ತದೆ? ಅಂತಹ ಇಳಿಜಾರಿನ ಬುಡದಲ್ಲಿ ಡೇರೆ ಹಾಕುತ್ತೀರಾ?
- ಆ ದಿನದ ಹಿಮಕುಸಿತ ಮುನ್ಸೂಚನೆ ಯಾರು ನೋಡುತ್ತಾರೆ? ನೋಡಿ ಹಿಂದಿರುಗುವ ನಿರ್ಧಾರ ಯಾರದು?
- ಟ್ರಾನ್ಸೀವರ್, ಪ್ರೋಬ್, ಸಲಿಕೆ ಎಷ್ಟು ಜನರ ಹತ್ತಿರ ಇರುತ್ತವೆ? ಮೊದಲ ದಿನ ಅಭ್ಯಾಸ ಮಾಡಿಸುತ್ತೀರಾ?
- ದೊಡ್ಡ ಹಿಮಪಾತವಾದರೆ ಒಂದೆರಡು ದಿನ ಕಾಯಲು ವೇಳಾಪಟ್ಟಿಯಲ್ಲಿ ಜಾಗ ಇದೆಯೇ?

ಕೊನೆಯ ಪ್ರಶ್ನೆ ಸಣ್ಣದಾಗಿ ಕಂಡರೂ ದೊಡ್ಡದು. ರಜೆ ಮುಗಿಯುತ್ತದೆ, ರೈಲಿನ ಟಿಕೆಟ್ ಇದೆ, ದುಡ್ಡು ಕಟ್ಟಾಗಿದೆ ಎಂಬ ಕಾರಣಕ್ಕೆ ಕಾಯಬೇಕಾದ ದಿನವೇ ತಂಡಗಳು ಹೊರಡುತ್ತವೆ.

ಅಪಾಯದ ಇಳಿಜಾರನ್ನು ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಬೇಕು. ಯಾರಾದರೂ ಸಿಕ್ಕಿಬಿದ್ದರೆ ಕೊನೆಯ ಸಲ ಕಂಡ ಜಾಗವನ್ನು ಗುರುತಿಟ್ಟುಕೊಂಡು, ಇನ್ನೊಂದು ಕುಸಿತದ ಅಪಾಯ ಇಲ್ಲ ಎಂದು ನೋಡಿ, ತಕ್ಷಣ ಹುಡುಕಬೇಕು. ಎಲ್ಲರೂ ಸಹಾಯ ಕರೆಯಲು ಓಡಬಾರದು. ಹೊರತೆಗೆಯುವಾಗ ಮೊದಲು ಮುಖ, ಎದೆಯ ಮೇಲಿನ ಹಿಮ ತೆಗೆದು ಬಾಯಿ, ಮೂಗು ಸ್ವಚ್ಛ ಮಾಡಬೇಕು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಎದೆ ಒತ್ತಲು ಶುರುಮಾಡಬೇಕು. ಉಸಿರಿದ್ದರೆ ಒದ್ದೆಯಾಗದಂತೆ, ಬೆಚ್ಚಗಿರುವಂತೆ ನೋಡಿಕೊಂಡು, ಹೆಚ್ಚು ಅಲುಗಾಡಿಸದೆ ಮಲಗಿಸಬೇಕು. ಬೆಚ್ಚಗಾಗಲೆಂದು ರಮ್, ಬ್ರಾಂದಿ ಕುಡಿಸಬಾರದು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಇನ್ನೂ ಬೇಗ ಕಳೆಯುತ್ತದೆ.

ಫಾರ್ವರ್ಡ್ ಮಾಡುವ ಮೊದಲು

ಹಿಮಕುಸಿತದ ವಿಡಿಯೋ ಬಂದರೆ ಮೊದಲು ನೋಡಬೇಕಾದದ್ದು ದಿನಾಂಕ ಮತ್ತು ಜಾಗ. ಎರಡೂ ಇಲ್ಲದ ವಿಡಿಯೋ ಯಾವ ದೇಶದ್ದೂ, ಯಾವ ವರ್ಷದ್ದೂ ಆಗಿರಬಹುದು. ಯಾತ್ರೆಗೆ ಹೋದವರ, ಸೈನ್ಯದಲ್ಲಿರುವವರ ಮನೆಗಳಿಗೆ ಅಂತಹ ವಿಡಿಯೋ ತಲುಪಿದರೆ ಆ ರಾತ್ರಿ ಅವರಿಗೆ ನಿದ್ದೆ ಇರುವುದಿಲ್ಲ. ಜಿಲ್ಲಾಡಳಿತ, ಸೈನ್ಯ, ವಿಪತ್ತು ನಿರ್ವಹಣಾ ಪ್ರಾಧಿಕಾರ ಹೇಳಿದ್ದನ್ನು ನೋಡಿ, ಆಮೇಲೆ ಕಳಿಸಿ.

ಹನುಮಂತಪ್ಪ ಅವರ ಕಥೆಯನ್ನೂ ಕಳಿಸಿ, ಅದು ನೆನಪಿಡಬೇಕಾದ ಕಥೆಯೇ. ಆದರೆ ಪೂರ್ತಿ ಕಳಿಸಿ. ಆರು ದಿನ ಬದುಕಿದ್ದ ಒಬ್ಬರ ಜೊತೆಗೆ ಹಿಂತಿರುಗದ 9 ಜನರ ವಿಷಯವೂ, 10 ನಿಮಿಷದ ಲೆಕ್ಕವೂ ಇರಲಿ. ಮುಂದಿನ ಡಿಸೆಂಬರ್‌ನಲ್ಲಿ ಹಿಮ ನೋಡಲು ಹೊರಟಿರುವ ಹುಡುಗನಿಗೋ ಹುಡುಗಿಗೋ ಉಪಯೋಗಕ್ಕೆ ಬರುವುದು ಆ ಲೆಕ್ಕವೇ.